ಮೈಕ್ ಕೆಟ್ಟಿದೆ

ನನಗೆ ಚಿಕ್ಕಂದಿನಿಂದಲೂ ಮಾತು ತಡೆಯುತ್ತದೆ. ಅದರಲ್ಲೂ ಪ, ಬ, ಮ ಬಂದರೆ ಮುಗಿಯಿತು. ಮುಚ್ಚಿದ ತುಟಿ ತಾನಾಗಿ ತೆರೆದುಕೊಳ್ಳುವವರೆಗೆ ಕಾಯಬೇಕು. ಎದುರಿಗೆ ನಿಂತವರ ಜತೆ ಕೈಸನ್ನೆಯನ್ನೋ ನಗುವನ್ನೋ ಸೇರಿಸಿ ಹೇಗೋ ನಿಭಾಯಿಸುತ್ತಿದ್ದೆ. ಫೋನಿನಲ್ಲಿ ಮಾತ್ರ ಅದಾವುದೂ ನಡೆಯುತ್ತಿರಲಿಲ್ಲ.

ನಾನು ಪಿಯುಸಿ ಓದುವಾಗ ಜಯನಗರದ ನಮ್ಮ ಮನೆಗೆ ಕಂಪ್ಯೂಟರ್ ಬಂತು. ಟೆಲಿಫೋನಿನ ವೈರನ್ನೇ ಅದಕ್ಕೆ ಸಿಕ್ಕಿಸಿ ಇಂಟರ್ನೆಟ್ ಹಾಕಬೇಕಿದ್ದ ಕಾಲ ಅದು. ನೆಟ್ ಹಾಕಿದರೆ ಫೋನ್ ಎಂಗೇಜ್. ಹಾಗಾಗಿ ಜೆ.ಪಿ. ನಗರದಲ್ಲಿದ್ದ ಸ್ಕೂಲಿನ ಗೆಳೆಯನ ಜತೆ ಆನ್‌ಲೈನ್ ಯುದ್ಧದ ಆಟ ಆಡಬೇಕೆಂದರೆ ಮೊದಲು ಫೋನ್ ಮಾಡಿ ಕರೆಯಬೇಕು, ಆಮೇಲೆ ಇಬ್ಬರೂ ಫೋನಿಟ್ಟು ನೆಟ್ ಹಾಕಬೇಕು. ಅವರ ಮನೆಯಲ್ಲಿ ಫೋನ್ ಎತ್ತುತ್ತಿದ್ದದ್ದು ಅವನ ಅಜ್ಜಿ. ನಾನು ಇತ್ತ ರಿಸೀವರ್ ಹಿಡಿದು ಮೊದಲ ಅಕ್ಷರದಲ್ಲೇ ನಿಂತಿರುವಾಗ ಅವರು ಅತ್ತ ಹಲೋ ಹಲೋ ಎಂದು, ಯಾರೋ ತುಂಟರು ಎಂದುಕೊಂಡು ಇಟ್ಟುಬಿಡುತ್ತಿದ್ದರು.

ಕೊನೆಗೆ ಅಮ್ಮನ ಕಾಲು ಹಿಡಿದೆ. ಅಮ್ಮ ಸೆರಗಿಗೆ ಕೈ ಒರೆಸಿಕೊಂಡು ಬಂದು ನಂಬರ್ ತಿರುಗಿಸಿದಳು.

"ಚೆನ್ನಾಗಿದೀರಾಮ್ಮಾ? ಮಂಡಿನೋವು ಹೇಗಿದೆ? ಏನಿಲ್ಲ, ನಮ್ಮೋನು ನಿಮ್ಮ ಮೊಮ್ಮಗನ್ನ ಯುದ್ಧಕ್ಕೆ ಕರೀತಿದಾನೆ. ಊಟ ಆಗಿದ್ರೆ ಬರಬೇಕಂತೆ."

ಮಾರನೆಯ ದಿನ ಸಿಕ್ಕಾಗ ಅವನು, "ಯುದ್ಧ ಅಂತ ಕೇಳಿ ಅಜ್ಜಿ ಎರಡು ಲೋಟ ಮಜ್ಜಿಗೆ ಕುಡಿಸಿ ಕಳಿಸಿದ್ರು ಮಗಾ" ಎಂದ. ನಕ್ಕೆ. ಆದರೆ ಮೀಸೆ ಬಂದ ಮಗನ ಪರವಾಗಿ ಅಮ್ಮ ಆಟಕ್ಕೆ ಕರೆಯುವುದು ನನಗೆ ಒಳಗೊಳಗೇ ಚುಚ್ಚುತ್ತಿತ್ತು. ಕರೆಯುವುದನ್ನೇ ಕಡಿಮೆ ಮಾಡಿದೆ.

ಓದು ಮುಗಿದು ಕೆಲಸಕ್ಕೆ ಸೇರುವ ಹೊತ್ತಿಗೆ ಮನೆಗೆ ಬ್ರಾಡ್‌ಬ್ಯಾಂಡ್ ಬಂದಿತ್ತು. ಹೊಸ ಆಟಗಳಲ್ಲಿ ಗೆಳೆಯರ ಹೆಸರುಗಳು ಪರದೆಯ ಪಕ್ಕದಲ್ಲೇ ಇರುತ್ತಿದ್ದವು. ಯಾರಾದರೂ ಆನ್‌ಲೈನ್ ಇದ್ದರೆ ಹೆಸರು ಹಸಿರಾಗುತ್ತಿತ್ತು. ಅದರ ಮೇಲೆ ಒಂದು ಕ್ಲಿಕ್ ಮಾಡಿದರೆ ಆಹ್ವಾನ ಹೋದ ಹಾಗೆ. ಹಲೋ ಇಲ್ಲ, ಅಜ್ಜಿ ಇಲ್ಲ, ಅಕ್ಷರಗಳ ಕಾಟವಿಲ್ಲ. ನನಗಾದ ನಿರಾಳ ಎಷ್ಟೆಂದರೆ, ಗೆಳೆಯರನ್ನು ಕೂಡಿಸುವ ಕೆಲಸವೆಲ್ಲ ನನ್ನದೇ ಆಯಿತು. ಜೆ.ಪಿ. ನಗರದವನು ಬಂದ. ಕಾಲೇಜಿನಲ್ಲಿ ಜತೆಗಿದ್ದ ಗದಗಿನ ಗೆಳೆಯ ಬಿಟಿಎಂ ಬಡಾವಣೆಯಲ್ಲಿ ರೂಮು ಮಾಡಿಕೊಂಡಿದ್ದ, ಅವನೂ ಬಂದ. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ನಮ್ಮದು ಮೂವರ ಪಡೆ. ಹೇಳಬೇಕಾದ್ದನ್ನೆಲ್ಲ ಟೈಪ್ ಮಾಡುತ್ತಿದ್ದೆವು.

ಆ ಸುಖ ಹೆಚ್ಚು ದಿನ ಇರಲಿಲ್ಲ. ಎಲ್ಲರೂ ಕಿವಿಗೆ ಹೆಡ್‌ಸೆಟ್ ಹಾಕಿಕೊಂಡು ಮಾತಾಡುತ್ತಾ ಆಡತೊಡಗಿದರು. ಅವರಿಬ್ಬರೂ ಕೊಂಡರು. ನಾನು, "ಮೈಕ್ ಕೆಟ್ಟಿದೆ, ನೀವು ಹೇಳೋದು ಕೇಳತ್ತೆ" ಎಂದು ಟೈಪ್ ಮಾಡಿದೆ. ಮುಂದಿನ ವಾರವೂ ಕೆಟ್ಟಿತ್ತು. ಅದರ ಮುಂದಿನ ವಾರವೂ.

ಒಂದು ಭಾನುವಾರ ಬೆಳಿಗ್ಗೆ ಗದಗಿನವನು ಬೈಕಿನಲ್ಲಿ ನಮ್ಮ ಮನೆಗೇ ಬಂದ. ಕೈಯಲ್ಲಿ ಹೊಸ ಹೆಡ್‌ಸೆಟ್. ಅಮ್ಮ ಕೊಟ್ಟ ಉಪ್ಪಿಟ್ಟು ತಿಂದು, ಕಂಪ್ಯೂಟರಿನ ಹಿಂದೆ ಬಗ್ಗಿ ತಾನೇ ಸಿಕ್ಕಿಸಿದ.

"ಇನ್ನ ಕೆಡೂದಿಲ್ಲ ತಗೋ. ಮಧ್ಯಾಹ್ನ ಬಾ."

ನನಗೆ ತಡೆಯುತ್ತದೆಂದು ಅವರಿಬ್ಬರಿಗೂ ಗೊತ್ತಿತ್ತು. ಆದರೆ ಮುಖ ಕಾಣದೆ ಬರೀ ದನಿಯಾಗಿ ಅವರ ಕಿವಿಯಲ್ಲಿ ಕೂರುವುದು ಬೇರೆ ಮಾತು.

ಅಂದಿನ ಆಟ ಪರದೆಯ ಮೇಲಿನ ಒಂದು ಹಾಳು ಕಾರ್ಖಾನೆಯಲ್ಲಿ. ಅವರಿಬ್ಬರೂ ಮುಂದೆ ಹೋದರು, ಹಿಂದಿನ ಮೆಟ್ಟಿಲು ಕಾಯುವುದು ನನ್ನ ಪಾಲಿಗೆ ಬಂತು. ಸ್ವಲ್ಪ ಹೊತ್ತಿಗೆ ಎದುರಾಳಿಗಳು ಅದೇ ಮೆಟ್ಟಿಲು ಹತ್ತಿ ಬಂದರು. ಹೇಳಬೇಕಿದ್ದದ್ದು ಒಂದೇ ಪದ. ತುಟಿ ಮುಚ್ಚಿತು, ತೆರೆಯಲಿಲ್ಲ. ಮೊದಲು ನಾನು ಬಿದ್ದೆ, ಆಮೇಲೆ ಜೆ.ಪಿ. ನಗರದವನು, ಆಮೇಲೆ ಗದಗಿನವನು. ಪರದೆ ಬೂದಿ ಬಣ್ಣಕ್ಕೆ ತಿರುಗಿತು. ನನ್ನ ಗಂಟಲಿನಿಂದ ಇನ್ನೂ "ಮ್... ಮ್..." ಎಂದು ಹೊರಡುತ್ತಲೇ ಇತ್ತು. ಹೆಡ್‌ಸೆಟ್ ಕಿತ್ತೆಸೆಯಬೇಕೆನ್ನಿಸಿತು.

ಆಗ ಗದಗಿನವನ ದನಿ ಬಂತು. "ಸಾವಕಾಶ ಹೇಳೋ ದೋಸ್ತ. ಹೆಂಗೂ ಎಲ್ಲಾರೂ ಸತ್ತೇವಿ. ಈಗೇನ್ ಗಡಬಡಿ ಐತಿ?"

"ಮೆಟ್ಟಿಲು" ಎಂದೆ.

"ಥ್ಯಾಂಕ್ಸ್ ಗುರು, ಈಗ ಗೊತ್ತಾಯ್ತು" ಎಂದ ಜೆ.ಪಿ. ನಗರದವನು.

ಮೂವರೂ ನಕ್ಕೆವು. ನಾನು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ನನ್ನ ತೊದಲಿಗೆ ಜನ ನಕ್ಕಿದ್ದರು, ಮರುಕಪಟ್ಟಿದ್ದರು, ಕೇಳಿಸದವರ ಹಾಗೆ ಮುಖ ತಿರುಗಿಸಿದ್ದರು. ನನ್ನನ್ನೂ ಸೇರಿಸಿಕೊಂಡು ನಕ್ಕವರು ಇವರೇ ಮೊದಲು.

"ನಿಂಗೆ ಯಾವ್ದು ಸಲೀಸಾಗಿ ಬರತ್ತೋ ಅದನ್ನೇ ಹೇಳು" ಎಂದ ಜೆ.ಪಿ. ನಗರದವನು. ಸ್ವರದಿಂದ ಶುರುವಾಗುವ ಮಾತು ನನಗೆ ತಡೆಯುತ್ತಿರಲಿಲ್ಲ. ಹಾಗಾಗಿ "ಅಯ್ಯೋ" ಎಂದರೆ ಎದುರಾಳಿ ಹಿಂದೆ, "ಓಯ್" ಎಂದರೆ ಮುಂದೆ ಎಂದು ಗೊತ್ತುಮಾಡಿಕೊಂಡೆವು. ಮೊದಲ ಸಲ ನಾನು ಅಯ್ಯೋ ಎಂದಾಗ ಅಮ್ಮ ಸೌಟು ಹಿಡಿದೇ ಅಡುಗೆಮನೆಯಿಂದ ಓಡಿಬಂದಿದ್ದಳು. ಆ ಸುತ್ತು ಗೆದ್ದೆವು.

ತಿಂಗಳುಗಳು ಕಳೆದಂತೆ ಆ ಗುಟ್ಟಿನ ಮಾತುಗಳು ತಾವಾಗಿಯೇ ಬಿದ್ದುಹೋದವು. ತಡೆದರೆ ಅವರು ಕಾಯುತ್ತಿದ್ದರು. ಅಷ್ಟರಲ್ಲಿ ಸತ್ತರೆ ಸತ್ತೆವು.

ಆಮೇಲೊಮ್ಮೆ ನಾಲ್ಕನೆಯವರು ಬೇಕಾಗಿ, ಆಫೀಸಿನಲ್ಲಿ ನನ್ನ ಪಕ್ಕದ ಸಾಲಿನಲ್ಲಿ ಕೂರುತ್ತಿದ್ದ ಬನಶಂಕರಿಯ ಹುಡುಗಿಯನ್ನು ಕರೆದೆ. ಅವಳಿಗೂ ನನಗೂ ಅಲ್ಲಿಯವರೆಗೆ ನಮಸ್ಕಾರದ ಪರಿಚಯವಷ್ಟೇ. ಆಟ ಶುರುವಾಗಿ ನಾನು ಬಾಯಿ ತೆರೆದದ್ದೇ ಸಿಕ್ಕಿಕೊಂಡೆ.

"ಹಲೋ? ನಿಮ್ಮ ಕನೆಕ್ಷನ್ ಕಟ್ ಆಗ್ತಿದೆಯಾ?" ಎಂದಳು.

ಮಿಕ್ಕಿಬ್ಬರೂ ನಾನೇ ಹೇಳಲಿ ಎಂದು ಬಿಟ್ಟಿದ್ದರು ಅಂತ ಕಾಣುತ್ತದೆ.

"ಇಲ್ಲ, ಕನೆಕ್ಷನ್ ಸರಿಯಾಗಿದೆ. ನಂಗೆ ಮಾತು ತಡೆಯತ್ತೆ. ಒಂದು ಚೂರು ಕಾಯಬೇಕು, ಅಷ್ಟೆ" ಎಂದು ತಡೆದು ತಡೆದು ಹೇಳಿದೆ.

"ಓ, ಸರಿ. ನಾನೀಗ ಯಾವ ಕಡೆ ಹೋಗ್ಲಿ?"

ಎಡಗಡೆ ಹೋಗಲು ಹೇಳಿದೆ. ಅವಳು ಹೋದಳು.