ಇಸ್ತ್ರಿ ಹಾಕಿದ ನದಿ

ಕಾಗದಕ್ಕೆ ಇಸ್ತ್ರಿ ಹಾಕಿದವರನ್ನು ನೋಡಿದ್ದೀರಾ? ನಾನಿದ್ದೇನೆ.

ಅಂಧ ಮಕ್ಕಳ ಟೆಸ್ಟ್ ಪೇಪರುಗಳನ್ನು ಬ್ರೈಲ್‌ಗೆ ಇಳಿಸುವುದು ಬಳ್ಳಾರಿಯ ನಮ್ಮ ಮನೆಯಲ್ಲಿ ನನ್ನ ಭಾನುವಾರದ ಕೆಲಸ (ಟೀವಿ ನೋಡುವುದಕ್ಕಿಂತ ವಾಸಿ). ದಪ್ಪ ಹಾಳೆಯನ್ನು ಮೊನೆಯ ಕಡ್ಡಿಯಿಂದ ಚುಚ್ಚುತ್ತ ಹೋಗಬೇಕು. ಆಚೆ ಬದಿಗೆ ಉಬ್ಬುವ ಚುಕ್ಕಿಗಳನ್ನು ಮಕ್ಕಳ ಬೆರಳು ಓದುತ್ತದೆ. ಟಕ್ ಟಕ್ ಸದ್ದಿಗೆ ಮನಸ್ಸು ಎಲ್ಲೋ ತೇಲುತ್ತದೆ.

ಈ ಸಲ ಕೊನೆಯ ಪ್ರಶ್ನೆ, 'ಚಿತ್ರ ನೋಡಿ ಕಥೆ ಬರೆಯಿರಿ'. ಚಿತ್ರವನ್ನು ಮಾತಿನಲ್ಲಿ ಹೇಳಬೇಕು. ನದಿ, ಹರಿಗೋಲು, ಅದರಲ್ಲಿ ಒಬ್ಬಳೇ ಹುಡುಗಿ. ಬರೆಯುತ್ತ ನಾನೇ ಆ ಹರಿಗೋಲಿನಲ್ಲಿ ಕೂತುಬಿಟ್ಟಿದ್ದೆ. ಎಚ್ಚರಾದಾಗ ಹಾಳೆ ಮೊಣಕೈ ಕೆಳಗೆ ಮುದುರಿತ್ತು. ಬಟ್ಟೆ ಮುಚ್ಚಿ ಇಸ್ತ್ರಿ ಎಳೆದೆ. ಎಷ್ಟು ಅಚ್ಚುಕಟ್ಟಾಯಿತು ಅಂತೀರಿ!

ಮರುದಿನ ರಜೆ ಹಾಕಿ ಸಿರುಗುಪ್ಪದ ಬಸ್ಸು ಹತ್ತಿದೆ. ಕಿಟಕಿಯಾಚೆ ಭತ್ತದ ಹಸಿರು ಮುಗಿಯುವಂತೆಯೇ ಇರಲಿಲ್ಲ. ಅಲ್ಲಿನ ಶಾಲೆಯಲ್ಲಿ ಮೇಷ್ಟ್ರ ಕೈಗೆ ಪೇಪರು ಕೊಟ್ಟು ವರಾಂಡದಲ್ಲಿ ಕೂತೆ. ಒಳಗೆ ಆ ಕ್ಲಾಸಿನ ಒಬ್ಬಳೇ ಅಂಧ ಹುಡುಗಿ, ಕರೂರಿನ ಗಂಗಮ್ಮ, ಒಂಬತ್ತನೇ ಕ್ಲಾಸು, ಓದತೊಡಗಿದಳು. ಬೆರಳುಗಳು ಸಾಲಿಂದ ಸಾಲಿಗೆ ನಿಧಾನ ಜಾರುತ್ತಿದ್ದವು. ಕೊನೆಯ ಹಾಳೆಗೆ ಬಂದು ನಿಂತವು.

"ಇಲ್ಲಿ ಏನೂ ಇಲ್ರಿ ಸರ್."

"ಐತಲ್ಲವಾ! ನನಗ ಚಂದಾಗಿ ಕಾಣ್ತೈತಿ," ಎಂದರು ಮೇಷ್ಟ್ರು. "ಬರಿಯಾಕ ಬರಂಗಿಲ್ಲಂದ್ರ ಹೇಳು. ನೆಪ ಹೇಳಬ್ಯಾಡ."

"ಸುಳ್ಳಲ್ರಿ ಸರ್..."

ಅವಳು ಹಾಳೆಯನ್ನು ಮತ್ತೊಮ್ಮೆ ತಡವಿದಳು. ಅಂಕ ಹೋದರೆ ಹೋಗಲಿ, ಸುಳ್ಳಿ ಅನ್ನಿಸಿಕೊಳ್ಳುವುದೇ?

ನಾನು ಒಳಗೆ ಹೋಗಿ ನೋಡಿದೆ. ಚುಕ್ಕಿಗಳು ಸಾಲಾಗಿ ಕಾಣುತ್ತಿದ್ದವು. ಕಣ್ಣು ಮುಚ್ಚಿ ಬೆರಳಾಡಿಸಿದೆ. ಉಬ್ಬೆಲ್ಲ ಕೂತುಹೋಗಿ ಬರೀ ನುಣುಪು ಕಾಗದ. ನನ್ನ ಇಸ್ತ್ರಿ ನದಿಯನ್ನೇ ಅಳಿಸಿಹಾಕಿತ್ತು. ಸುಮ್ಮನಿದ್ದುಬಿಡೋಣ ಎಂದು ಒಂದು ಕ್ಷಣ ಅನ್ನಿಸಿತು (ನಿಮ್ಮ ಹತ್ತಿರ ಮುಚ್ಚುಮರೆ ಏನು?). ಆಮೇಲೆ ಭಾರೀ ನಾಚಿಕೆಯಾಯಿತು.

"ತಪ್ಪು ನಂದ್ರಿ ಸರ್. ಹುಡುಗಿ ಖರೇನ ಹೇಳಾಕತ್ತ್ಯಾಳ."

ಮೇಷ್ಟ್ರು ತಾವೂ ಬೆರಳಾಡಿಸಿ ನೋಡಿದರು. "ನಂದೂ ತಪ್ಪಾತವಾ," ಎಂದು ಅವಳ ತಲೆ ಸವರಿ ಅರ್ಧ ಗಂಟೆ ಹೆಚ್ಚು ಟೈಮ್ ಕೊಟ್ಟರು. ನಾನು ಅಲ್ಲೇ ಕೂತು ಮತ್ತೆ ಚುಚ್ಚಿಕೊಟ್ಟೆ. ಗಂಗಮ್ಮ ಓದಿದಳು. ಓದುತ್ತ ಓದುತ್ತ ಅವಳ ಮನಸ್ಸು ಎಲ್ಲಿಗೋ ಹೋಯಿತು.

"ಹರಿಗೋಲು ತಿರುಗಾಕ ಹತ್ತೈತಿ ಅಕ್ಕಾ. ನೀರು ತಣ್ಣಗ ಐತಿ."

ನಾನು ಅದನ್ನು ಬರೆದೇ ಇರಲಿಲ್ಲ.

ಎಷ್ಟೋ ವರ್ಷದಿಂದ ಬ್ರೈಲ್ ಬರೆಯುತ್ತಿದ್ದೇನೆ, ಬರೆದದ್ದನ್ನು ಒಮ್ಮೆಯಾದರೂ ಮುಟ್ಟಿ ನೋಡಿದ್ದೆನೇ?