ಟೈಲರಮ್ಮ ಆರಿಸಿದ ಒರಟು ಎಲೆ

ಬೀದಿಯವರೆಲ್ಲ ಆಕೆಯನ್ನು ಟೈಲರಮ್ಮ ಎಂದೇ ಕರೆಯುತ್ತಾರೆ. ಬಟ್ಟೆಯನ್ನು ಎರಡು ಬೆರಳ ನಡುವೆ ಉಜ್ಜಿ, ಕಣ್ಣು ಮುಚ್ಚಿಕೊಂಡೇ ಅದರ ಜಾತಕ ಹೇಳುವ ಕೈ ಅದು. ಬಾಯಿಯೂ ಕಡಿಮೆಯಿಲ್ಲ. ಅಳತೆ ಕೊಡುವಾಗ ಹೊಟ್ಟೆ ಒಳಗೆಳೆದುಕೊಂಡವರನ್ನು, "ಉಸಿರು ಬಿಡಿ ಸ್ವಾಮಿ, ಹೇಗಿದ್ರೂ ಆಮೇಲೆ ಬಿಡ್ಲೇಬೇಕಲ್ಲ" ಎಂದು ಗದರಿಸಿಬಿಡುತ್ತಾಳೆ.

ಬಸ್ ಓಡಿಸುತ್ತಿದ್ದ ಗಂಡನಿಗೆ ಪಾರ್ಶ್ವವಾಯು ಬಡಿದು ಎಡಭಾಗ ಬಿದ್ದುಹೋದಾಗ ಆಕೆ ಹೆದರಿದ್ದು ಕಾಯಿಲೆಗಲ್ಲ, ಅವನ ಮೌನಕ್ಕೆ. ಕಿಟಕಿಗೆ ಬೆನ್ನು ಹಾಕಿ, ಗೋಡೆ ನೋಡುತ್ತ ಮಲಗಿಬಿಟ್ಟಿದ್ದ. ಕಿಟಕಿಯ ಕಡೆ ಹೊರಳಿಸಿದರೆ, "ಏನಿದೆ ಅಲ್ಲಿ ನೋಡೋಕೆ? ಬರೀ ಪಾಚಿ" ಎಂದು ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಅವರಿಗೇ ಮನಸ್ಸು ಬರಬೇಕು ಎಂದು ಡಾಕ್ಟರು ಕೈಚೆಲ್ಲಿದರು.

ಆಕೆ ಬಿಡುವವಳೇ? ಕಿಟಕಿಯಾಚೆ, ಬಿಸಿಲು ಇಣುಕದ ಮೂಲೆಯಲ್ಲಿ ಹೂಗಿಡ ನೆಟ್ಟಳು. ಚಿಪ್ಪಿಲ್ಲದ ಬಸವನಹುಳುಗಳು ಬುಡಸಮೇತ ಸ್ವಾಹಾ ಮಾಡಿದವು. ಎಲೆಯಲ್ಲೇ ನೀರು ತುಂಬಿಕೊಳ್ಳುವ ದಪ್ಪ ಎಲೆಯ ಗಿಡ ಹಾಕಿ ನೋಡು ಎಂದರು ಯಾರೋ. ನರ್ಸರಿಯಲ್ಲಿ ಎಲೆಗಳನ್ನು ಬಟ್ಟೆಯಂತೆಯೇ ಉಜ್ಜಿ, ರೇಷ್ಮೆಯಷ್ಟು ನುಣುಪಾದದ್ದನ್ನೇ ಆರಿಸಿ ತಂದಳು. ಟೈಲರ್ ಬಿಟ್ಟರೆ ಇನ್ಯಾರು ಮಾಡಿಯಾರು ಅಂಥ ತಪ್ಪು! ಗಿಡಗಳು ಬೆಳಕಿಗಾಗಿ ಕತ್ತು ಉದ್ದ ಮಾಡಿ ಸೊರಗಿದವು, ಎಲೆಗಳು ಹುಳುಗಳ ಪಾಲಾಗಿ ಜರಡಿಯಾದವು.

ಲೋಳೆಯ ಜಾಡು ನೋಡುತ್ತ ಆಕೆ ತನ್ನನ್ನೇ ಬೈದುಕೊಂಡಳು. "ನಾನೊಬ್ಬಳು ಪೆದ್ದಿ! ಮೈಗೆ ಹಿತವಾದದ್ದು ಹುಳದ ಬಾಯಿಗೂ ಹಿತ ತಾನೇ?"

ಮತ್ತೆ ನರ್ಸರಿಗೆ ಹೋದಳು. "ನೆರಳಲ್ಲಿ ಬದುಕೋದು ಯಾವುದಣ್ಣ? ಕಾಲರ್ ಒಳಗೆ ಹಾಕೋ ಕ್ಯಾನ್ವಾಸ್ ಥರ ಇರ್ಬೇಕು. ನುಣುಪು ಬೇಡ."

"ಅಂಥವನ್ನ ಯಾರೂ ಕೇಳೋದೇ ಇಲ್ಲ ಅಕ್ಕ," ಎಂದು ನಗುತ್ತ ನರ್ಸರಿಯವನು ಕತ್ತಿಯಂತೆ ನೆಟ್ಟಗೆ ನಿಂತ ಹಾವಿನ ಗಿಡವನ್ನೂ, ಮೈತುಂಬ ಬಿಳಿ ಗುಳ್ಳೆಗಳಿದ್ದ ಹಾವರ್ತಿಯಾ ಎಂಬ ಪುಟ್ಟ ಗಿಡವನ್ನೂ ತಂದಿಟ್ಟ. ಒರಟು ಎಲೆಗಳ ಮೇಲೆ ಬೆರಳಾಡಿಸಿ ಆಕೆ ತಲೆಯಾಡಿಸಿದಳು. ನೀರು ನಿಲ್ಲದಂತೆ ಮಣ್ಣಿಗೆ ಜಲ್ಲಿ ಬೆರೆಸಿ ನೆಟ್ಟಳು.

ಆಮೇಲಿನ ಉಪಾಯವನ್ನಂತೂ ಮೆಚ್ಚಲೇಬೇಕು. ದಿನಾ ಬೆಳಿಗ್ಗೆ ಕಿಟಕಿಯಾಚೆ ನಿಂತು, "ಏನ್ರೋ, ಇವತ್ತೂ ಸೋತ್ರಾ?" ಎಂದು ಹುಳುಗಳನ್ನು ಕೇಳುತ್ತಿದ್ದಳು. ಒಳಗೆ ಕೇಳಿಸಲಿ ಎಂದೇ ಜೋರಾಗಿ. ಗಂಡ ಮಾತ್ರ ಗೋಡೆ ಬಿಡಲಿಲ್ಲ. ಆಕೆಗೂ ಒಳಗೊಳಗೇ ಸಾಕಾಗಿತ್ತು.

ಮೋಡ ಕವಿದ ಒಂದು ಬೆಳಿಗ್ಗೆ ಆಕೆ ಪಕ್ಕದ ಕೋಣೆಯಲ್ಲಿ ಮಷಿನ್ ತುಳಿಯುತ್ತಿದ್ದಳು.

"ಲೇ, ಬಾರೇ ಇಲ್ಲಿ! ಒಂದು ಹುಳ ಮೇಲೆ ಹತ್ತಿ, ಬಾಯಿ ಹಾಕಿ, ಆಗ್ದೆ ವಾಪಸ್ ಇಳೀತಾ ಇದೆ!"

ಓಡಿ ಬಂದು ಬಾಗಿಲಲ್ಲೇ ನಿಂತಳು. ಅವನು ಬಲಗೈಯಲ್ಲಿ ಮಂಚದ ಅಂಚು ಬಿಗಿಹಿಡಿದು, ಬೆವರಿಳಿಸುತ್ತ, ತಾನೇ ಕಿಟಕಿಯ ಕಡೆ ಹೊರಳಿದ್ದ.