ಕೊಸರಿಗೆ ಹೋದ ಕೌದಿ

ಫೋನಿನಲ್ಲಿ ನಾವು ಹರಾಜಿಗಿಡುತ್ತಿದ್ದ ಪ್ರತಿ ಪಾತ್ರೆಯ ಫೋಟೋದ ಕೆಳಗೆ ಒಂದೇ ಸಾಲು ಇರುತ್ತಿತ್ತು: 'ಹಣ ಕಟ್ಟುವಾಗ ಬೀಳುವ ಶುಲ್ಕ ಕೊಂಡವರದೇ. ಈ ಮಾತಿನಲ್ಲಿ ಚೌಕಾಸಿ ಇಲ್ಲ.' ಬರೆದವಳು ನಾನು. ನಮ್ಮ ಮನೆಯವರಿಗೆ ಬಿಟ್ಟಿದ್ದರೆ ಹಿಂದೊಂದು 'ದಯವಿಟ್ಟು', ಮುಂದೊಂದು 'ತಪ್ಪು ತಿಳಿಯಬೇಡಿ' ಸೇರಿಸಿ, ನಡುವೆ ಶುಲ್ಕದ ಮಾತನ್ನೇ ಮರೆತುಬಿಡುತ್ತಿದ್ದರು. ಯಾರಾದರೂ ಜೋರಾಗಿ ಮಾತಾಡಿದರೆ ಅಂಗಡಿಯನ್ನೇ ಎತ್ತಿ ಕೊಡುವ ಜೀವ ಅದು.

ಕೊಟ್ಟೂರಿನಲ್ಲಿ ನಮ್ಮದು ಹಳೆಯ ಹಿತ್ತಾಳೆ, ತಾಮ್ರದ ಪಾತ್ರೆಗಳ ಅಂಗಡಿ. ಮೊದಲು ತೂಕಕ್ಕೆ ಕೊಂಡು ತೂಕಕ್ಕೆ ಮಾರುತ್ತಿದ್ದೆವು. ಫೋನಿನ ಹರಾಜು ಬಂದ ಮೇಲೆ, ಕರಗಿಸುವವರ ಕುಲುಮೆಗೆ ಹೋಗಬೇಕಿದ್ದ ಊಟದ ಗಂಗಾಳ, ತಂಬಿಗೆಗಳು ಯಾವ್ಯಾವುದೋ ಊರಿನ ಷೋಕೇಸಿಗೆ ಹೋಗತೊಡಗಿದವು. ಒಳ್ಳೆಯದೇ ಆಯಿತು. ಆದರೆ ಹರಾಜು ನಡೆಸುವವರು ಪ್ರತಿ ಸಲ ಹಣ ಬಂದಾಗ ಅದರಲ್ಲಿ ಇಷ್ಟು ಅಂತ ಮುರಿದುಕೊಂಡೇ ಉಳಿದದ್ದನ್ನು ನಮಗೆ ಹಾಕುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

"ಅವ್ರು ಮುರಕೊಳ್ಳೋದನ್ನ ನಾವ್ಯಾಕ ಹೊರಬೇಕ್ರಿ? ತಗೊಂಡೋರು ಹೊರ್ಲಿ," ಅಂದೆ.

"ನೋಡಲೇ, ನಿಮ್ಮವ್ವ ಇದ್ದಿದ್ರ ನಿನ್ನ ಕೈಮ್ಯಾಲ ಹೊಡೀತಿದ್ಲು," ಅಂದರು ನಮ್ಮ ಮನೆಯವರು.

ಅದು ನಿಜ. ಒಮ್ಮೆ ಹೊಡೆದಿದ್ದಳು ಕೂಡ. ಅವ್ವ ತಂಬ್ರಹಳ್ಳಿಯಿಂದ ಕಾಯಿಪಲ್ಲೆ ಬುಟ್ಟಿ ಹೊತ್ತು ಹಗರಿಬೊಮ್ಮನಹಳ್ಳಿ ಸಂತೆಗೆ ಬಂದು ಕೂರುತ್ತಿದ್ದಳು. ತೂಗುವಾಗ ಬಲು ಬಿಗಿ, ಕಾಸಿಗೆ ಕಾಸು ಲೆಕ್ಕ. ತೂಕ ಮುಗಿದ ಮೇಲೆ ಮಾತ್ರ ಅವಳ ಕೈ ತಾನಾಗಿ ಬುಟ್ಟಿಗೆ ಹೋಗಿ ಒಂದು ಹಿಡಿ ಮೆಣಸಿನಕಾಯನ್ನೋ ಎರಡು ಎಳೆ ಕೊತ್ತಂಬರಿಯನ್ನೋ ಗಿರಾಕಿಯ ಚೀಲಕ್ಕೆ ಹಾಕುತ್ತಿತ್ತು. ಅದು ಕೊಸರು. ಅದಕ್ಕೆ ತಕ್ಕಡಿಯೂ ಇಲ್ಲ, ದರವೂ ಇಲ್ಲ. ಒಂದು ದಿನ ಒಬ್ಬ ಹೆಂಗಸು ಜಗಳಾಡಿ ಜಗಳಾಡಿ ದರ ಇಳಿಸಿದಳು. ಅವ್ವ ಅವಳಿಗೂ ಕೊಸರು ಹಾಕಿದಳು. ಪಕ್ಕದಲ್ಲಿ ಕೂತಿದ್ದ ನನಗೆ ಸಿಟ್ಟು ತಡೆಯದೆ ಆ ಚೀಲಕ್ಕೆ ಕೈ ಹಾಕಿ ಮೆಣಸಿನಕಾಯಿ ತೆಗೆಯಲು ಹೋದೆ. ಚಟ್ ಅಂತ ಬಿತ್ತು ಕೈಮೇಲೆ.

"ಚೀಲಕ್ಕ ಬಿದ್ದ ಕೊಸರು ಅವ್ರದು. ಅದನ್ನ ವಾಪಸ್ ಕೇಳಬಾರ್ದು, ತಗೀನೂ ಬಾರ್ದು," ಅಂದಳು ಅವ್ವ. ಆ ಹೆಂಗಸು ಗೆದ್ದವಳ ಹಾಗೆ ನಕ್ಕಳು. ನಾನು ಸಂತೆ ಮುಗಿಯುವವರೆಗೂ ಮುಖ ಊದಿಸಿಕೊಂಡೇ ಕೂತಿದ್ದೆ.

ಅವ್ವ ತನ್ನ ಕಡೆಯ ಚಳಿಗಾಲದಲ್ಲಿ ನಮ್ಮ ಮನೆಗೆ ಬಂದು, ನಮ್ಮ ಮನೆಯವರು ಅಂಗಡಿಗೆ ಹೋದ ಮೇಲೆ ಹಗಲೆಲ್ಲ ಕೂತು, ನನಗೊಂದು ಕೌದಿ ಹೊಲಿದಳು. ತನ್ನ ಹಳೆಯ ಸೀರೆಗಳು, ಅಪ್ಪನ ಧೋತರ, ನಾನು ಸಾಲೆಗೆ ಹೋಗುವಾಗ ಉಡುತ್ತಿದ್ದ ಹಸಿರು ಲಂಗದ ತುಂಡು, ಎಲ್ಲ ಅದರಲ್ಲಿ ಇದ್ದವು. ಕಣ್ಣು ಮಂಜಾಗಿತ್ತು, ಸೂಜಿಗೆ ದಾರ ನಾನು ಪೋಣಿಸಿ ಕೊಡಬೇಕಿತ್ತು. ಆದರೂ ಹೊಲಿಗೆ ಇರುವೆ ಸಾಲಿನಂತೆ ನೆಟ್ಟಗಿರುತ್ತಿತ್ತು. ಎಲ್ಲ ಮುಗಿದು ಒಂದು ಮೂಲೆ ಮಾತ್ರ ಬಾಯಿ ತೆರೆದುಕೊಂಡಿರುವಾಗ ಅವ್ವ ಎದ್ದು ಒಲೆಯ ಮುಂದೆ ಹೋಗಿ ಕೂತಳು. ಬೇಡ ಅಂದರೂ ಕೇಳದೆ ಒಂದು ಜೋಳದ ರೊಟ್ಟಿ ಬಡಿದಳು. ಅದನ್ನು ಕಡಕ್ಕಾಗಿ ಒಣಗಿಸಿ, ಮುರಿದು, ಎರಡು ಬೇವಿನೆಲೆಯ ಜೊತೆ ಆ ಮೂಲೆಗೆ ಹಾಕಿ ಬಾಯಿ ಹೊಲಿದಳು.

"ಕೌದಿ ಹಸಿದಿರಬಾರ್ದವ್ವ. ಹಸಿದ ಕೌದಿ ಯಾರನ್ನೂ ಬೆಚ್ಚಗ ಇಡಂಗಿಲ್ಲ," ಅಂದಳು.

ಅವಳು ಬಡಿದ ಕಡೆಯ ರೊಟ್ಟಿ ಅದು. ಆಮೇಲೆ ಹಾಸಿಗೆ ಹಿಡಿದಳು, ಯುಗಾದಿಯನ್ನು ಕಾಣಲಿಲ್ಲ.

ಆ ಕೌದಿಯನ್ನು ನಾನು ಹೊದೆಯಲಿಲ್ಲ, ಹೊದೆದು ಸವೆಸುವ ಮನಸ್ಸಾಗಲಿಲ್ಲ. ಮನೆಯ ಬೇರೆ ಕೌದಿಗಳ ಕೆಳಗೆ ತಳದಲ್ಲಿ ಇಟ್ಟಿದ್ದೆ. ಮನೆಯಲ್ಲಿ ಯಾರೂ ಇಲ್ಲದಾಗ ಕೈ ತೂರಿಸಿ ಆ ಮೂಲೆಯನ್ನು ಮೆಲ್ಲಗೆ ಒತ್ತುತ್ತಿದ್ದೆ. ಒಳಗಿನ ರೊಟ್ಟಿ ಚುರ್ ಅನ್ನುತ್ತಿತ್ತು. ಅವ್ವ ಇಲ್ಲೇ ಪಕ್ಕದ ಕೋಣೆಯಲ್ಲಿ ಏನೋ ಮಾಡುತ್ತಿದ್ದಾಳೆ ಅನ್ನಿಸುತ್ತಿತ್ತು. ಈ ಹುಚ್ಚನ್ನು ಯಾರಿಗೂ ಹೇಳಿರಲಿಲ್ಲ, ನಮ್ಮ ಮನೆಯವರಿಗೂ. ಗಂಡಸರಿಗೆ ಹೊಲಿಗೆಯ ಕಡೆಯ ಮೂಲೆ ಏನು ಗೊತ್ತು? ಹೇಳಿದ್ದರೆ ಗೊತ್ತಾಗುತ್ತಿತ್ತು, ಅದೂ ನಿಜ.

ಅವ್ವ ಹೋದ ಮರುವರ್ಷ ಚಿಕ್ಕವ್ವನ ಮೊಮ್ಮಗುವಿನ ತೊಟ್ಟಿಲ ಕಾರ್ಯಕ್ಕೆ ವಾರ ಮೊದಲೇ ಕೂಡ್ಲಿಗಿಗೆ ಹೋಗಿದ್ದೆ. ಮನೆ ತುಂಬ ಜನ, ಅಡುಗೆ, ಹಾಡು. ಫೋನು ಎಲ್ಲಿದೆ ಅಂತ ನೋಡಲೂ ಪುರುಸೊತ್ತಿರಲಿಲ್ಲ. ಕಾರ್ಯ ಮುಗಿದ ಮೇಲೆ ಕಟ್ಟೆಯ ಮೇಲೆ ಕಾಲು ಚಾಚಿ ಕೂತು ನಮ್ಮ ಹರಾಜು ತೆರೆದೆ. ಒಂದು ದೊಡ್ಡ ಹಿತ್ತಾಳೆ ಗಂಗಾಳ ಮಾರಿ ಹೋಗಿತ್ತು. ಫೋಟೋ ಎಷ್ಟು ಚಂದ ಬಂದಿದೆ ಅಂದುಕೊಂಡೆ. ದಿನಾಲೂ ಬಿಳಿ ಹಾಸಿನ ಮೇಲೆ ಮಂಕಾಗಿ ಕಾಣುತ್ತಿದ್ದ ಹಿತ್ತಾಳೆ ಅವತ್ತು ಬಣ್ಣಬಣ್ಣದ ಬಟ್ಟೆಯ ಮೇಲೆ ಬಂಗಾರದಂತೆ ಹೊಳೆಯುತ್ತಿತ್ತು. ಆಮೇಲೆ ಗಂಗಾಳದ ಪಕ್ಕದಲ್ಲಿ ನನ್ನ ಹಸಿರು ಲಂಗದ ತುಂಡು ಕಂಡಿತು.

ಕೂಡಲೇ ಮನೆಗೆ ಫೋನು ಮಾಡಿದೆ.

"ಫೋಟೋ ನೋಡಿದೇನು? ಹೆಂಗೈತಿ?" ಅಂದರು ನಮ್ಮ ಮನೆಯವರು, ಬಹಳ ಖುಷಿಯಲ್ಲಿ. "ತಳದಾಗ ಒಂದು ಕೌದಿ ಸುಮ್ನ ಬಿದ್ದಿತ್ತು. ಯಾರೂ ಹೊದಿಯಂಗಿಲ್ಲ ಅಂತ ತಗದು ಹಾಸಿದೆ. ಗಂಗಾಳ ತಗೊಂಡಾತ ಹರಪನಹಳ್ಳಿಯವ, ಅವನೂ ಹಳೀ ಸಾಮಾನಿನ ವ್ಯಾಪಾರದವನ. ಫೋನ್ ಮಾಡಿ ಭಾಳ ಬೈದ ನೋಡು. ಸಂತ್ಯಾಗ ಮ್ಯಾಲಿಷ್ಟು ಕೊಸರು ಹಾಕ್ತಾರ, ನೀವು ಮ್ಯಾಲಿಷ್ಟು ಶುಲ್ಕ ಹಾಕ್ತೀರಿ, ಇದ್ಯಾವ ವ್ಯಾಪಾರ್ರೀ ಅಂದ. ನಂಗೂ ನಾಚಿಕಿ ಬಂತು."

"ಆಮ್ಯಾಲ?"

"ಶುಲ್ಕ ನಾ ಕೊಡ್ತೀನಿ, ಕೊಸರಿಗೆ ಆ ಹಳೀ ಕೌದಿ ಹಾಕಿ ಕಳಸ್ರಿ ಅಂದ. ಅದರಾಗ ಸುತ್ತಿದ್ರ ಗಂಗಾಳಕ್ಕೂ ಪೆಟ್ಟು ಬೀಳಂಗಿಲ್ಲ ಅಂದ. ಹೂಂ ಅಂತ ಸುತ್ತಿ ಮೊನ್ನೇನ ಬಸ್ಸಿಗೆ ಹಾಕಿ ಕಳಿಸೀನಿ."

ನಾನು ಅತ್ತುಬಿಟ್ಟೆ. "ಅದು ಅವ್ವ ಹೊಲ್ದದ್ದು ರೀ. ಅದರ ಮೂಲ್ಯಾಗ ಆಕಿ ಕಡೀ ರೊಟ್ಟಿ ಐತಿ, ಕೌದಿ ಹಸಿದಿರಬಾರ್ದಂತ ಹಾಕಿದ್ದು," ಅಂದೆ.

ನಾನು ಬಾಯಿಗೆ ಬಂದದ್ದೆಲ್ಲ ಅಂದೆ. ಅವರ ಮೆತ್ತನೆ ಸ್ವಭಾವಕ್ಕೆ ಬೈದೆ, ಅವರ ಫೋಟೋಕ್ಕೆ ಬೈದೆ, ಕೊನೆಗೆ ಬೈಯಲು ಉಳಿದದ್ದು ನಾನು ಬರೆದ ಸಾಲೊಂದೇ. ಆ ಸಾಲು ಇರದಿದ್ದರೆ ಅವನು ಫೋನೇ ಮಾಡುತ್ತಿರಲಿಲ್ಲ.

ಹರಪನಹಳ್ಳಿಯವನಿಗೆ ಫೋನು ಮಾಡಿದೆ. ಕೊಟ್ಟದ್ದು ತಪ್ಪಾಗಿದೆ, ಕೌದಿ ವಾಪಸ್ ಕಳಿಸಿ, ಶುಲ್ಕವನ್ನೂ ಮರಳಿಸುತ್ತೇನೆ, ಬೇಕಾದರೆ ಇನ್ನೊಂದು ಗಂಗಾಳ ಕೊಡುತ್ತೇನೆ ಅಂದೆ.

"ಅಲ್ರೀ ಅಕ್ಕಾರ, ಕೊಸರು ಯಾರಾದ್ರೂ ವಾಪಸ್ ಕೇಳ್ತಾರೇನ್ರಿ?" ಅಂದ.

ಸಂತೆಯಲ್ಲಿ ಕೈಮೇಲೆ ಬಿದ್ದ ಏಟು ಆಗ ಉರಿಯಿತು. ನನ್ನ ಅವ್ವನ ಮಾತನ್ನೇ ಆಡುತ್ತಿದ್ದ ಅವನಿಗೆ ನಾನು ಏನಂತ ಹೇಳಲಿ? ಅವನ ದನಿಯೇ ತಗ್ಗಿತು. "ತಪ್ಪು ತಿಳ್ಕೋಬ್ಯಾಡ್ರಿ. ಬಂದ ದಿನಾನೇ ಅದನ್ನ ಹರಾಜಿಗೆ ಹಾಕೀನಿ, ದರದ ಕೂಗು ಬಿದ್ದೈತಿ. ಒಮ್ಮೆ ಕೂಗು ಬಿದ್ರೆ ತಗಿಯಾಕ ಬರಲ್ಲ ಅಂತ ನಿಮಗೂ ಗೊತ್ತೈತಲ್ರಿ. ನೀವೂ ಕೂಗ್ರಿ," ಅಂದ.

ಕೂಗಿದೆ. ನನ್ನ ಅವ್ವನ ಕೌದಿಗೆ ನಾನೇ ದರ ಕೂಗಿದೆ. ನಮ್ಮ ಕಡೆ ಗುಡಿಗಳಲ್ಲಿ ದೇವರ ಮುಂದಿನ ನಿಂಬೆಹಣ್ಣನ್ನು ಸವಾಲಿಗೆ, ಅಂದರೆ ಹರಾಜಿಗೆ, ಇಡುತ್ತಾರೆ; ಅದನ್ನು ತಿಂದರೆ ಮಕ್ಕಳಾಗುತ್ತವೆ ಅಂತ ನಂಬಿಕೆ. ಮಕ್ಕಳಾಗದ ಹೆಣ್ಣಿನ ಗಂಡ ಕೂಗಿದನೆಂದರೆ ಉಳಿದವರು ಒಬ್ಬರ ಮುಖ ಒಬ್ಬರು ನೋಡಿ ಸುಮ್ಮನಾಗುತ್ತಾರೆ. ಹಣ್ಣು ಅವನಿಗೇ ಸಿಗುತ್ತದೆ. ಫೋನಿನಲ್ಲಿ ಯಾರ ಮುಖ ಯಾರಿಗೆ ಕಾಣಬೇಕು? ಯಾವ ಊರಿನವರೋ, ಕೈಹೊಲಿಗೆಯ ಹಳೆಯ ಕೌದಿ ಗೋಡೆಗೆ ಹಾಕಲು ಬೇಕಿತ್ತೇನೋ, ನಾನು ಏರಿಸಿದಷ್ಟೂ ಏರಿಸಿದರು. ಅದು ನಮ್ಮವ್ವಂದ್ರಿ, ಬಿಡ್ರಿ ಅಂತ ಬರೆಯಲು ಅಲ್ಲಿ ಜಾಗವಿರಲಿಲ್ಲ. ದರದ ಅಂಕಿ ಬಿಟ್ಟರೆ ಬೇರೇನನ್ನೂ ಅದು ಒಪ್ಪುತ್ತಿರಲಿಲ್ಲ. ಕಡೆಗೆ ಅವರು ಬಿಟ್ಟರು, ನನಗೆ ಬಂತು.

ಹಣ ಕಟ್ಟಲು ಹೋದರೆ ಕೆಳಗೆ ಇನ್ನೊಂದು ಸಾಲು. 'ಹಣ ಕಟ್ಟುವಾಗ ಬೀಳುವ ಶುಲ್ಕ ಕೊಂಡವರದೇ. ಈ ಮಾತಿನಲ್ಲಿ ಚೌಕಾಸಿ ಇಲ್ಲ.' ನನ್ನದೇ ಸಾಲು, ಒಂದಕ್ಷರ ಬದಲಾಗಿರಲಿಲ್ಲ. ನಮ್ಮ ಹರಾಜಿನಿಂದ ಎತ್ತಿಕೊಂಡಿದ್ದ. ಶುಲ್ಕ ಸೇರಿಸಿ ಕಟ್ಟಿದೆ. ಅಷ್ಟು ಅತ್ತಿದ್ದರೂ ನಗು ಬಂತು, ಹಾಳಾದ್ದು.

ಬಸ್ಸಿಗೆ ಹಾಕುವುದು ಬೇಡ, ನಾವೇ ಬರುತ್ತೇವೆ ಅಂದೆ. ಕೂಡ್ಲಿಗಿಯಿಂದ ಮರಳಿದ ಮೇಲೆ ಗಂಡ ಹೆಂಡತಿ ಇಬ್ಬರೂ ಹರಪನಹಳ್ಳಿಗೆ ಹೋದೆವು. ವ್ಯಾಪಾರದವನ ಹೆಂಡತಿ ಬಾಗಿಲಲ್ಲೇ ನೀರು ಕೊಟ್ಟು, ಚಾಪೆ ಹಾಸಿ, ಚಹಾ ಮಾಡಿದಳು. ನಗುಮುಖದ, ಚುರುಕು ಹೆಂಗಸು. ಒಳಗಿನಿಂದ ಕೌದಿಯನ್ನು ಎರಡೂ ಕೈಯಲ್ಲಿ ಎತ್ತಿ ತಂದು ನನ್ನ ಮಡಿಲಿಗಿಟ್ಟಳು. ತೊಳೆದು, ಇಸ್ತ್ರಿ ಮಾಡಿ, ನಾಲ್ಕು ಮಡಿಕೆ ಮಾಡಿದ್ದಳು. ಸೋಪಿನ ಪುಡಿಯ ವಾಸನೆ ಘಂ ಅನ್ನುತ್ತಿತ್ತು.

ನಾನು ಮೂಲೆ ಹುಡುಕಿ ಒತ್ತಿದೆ. ಮೆತ್ತಗಿತ್ತು. ಬೇರೆ ಮೂಲೆ ಇರಬೇಕೆಂದು ಅದನ್ನೂ ಒತ್ತಿದೆ. ನಾಲ್ಕೂ ಮೂಲೆ ಒತ್ತಿದೆ. ಒಂದು ಕಡೆ ಅವ್ವನ ಹೊಲಿಗೆಯ ಬದಲು ಮಷೀನಿನ ಹೊಲಿಗೆ ಇತ್ತು.

"ಅಲ್ಲಿ ಯಾವ್ದೋ ಹಳೀ ರೊಟ್ಟಿ ಚೂರು ಸಿಕ್ವು ನೋಡ್ರಿ ಅಕ್ಕ," ಅಂದಳು ಅವಳು. "ಇಲಿಗಿಲಿ ಬಂದು ಕಡದಾವು ಅಂತ ಬಿಚ್ಚಿ ತಗದು ಹೊಲ್ದೀನಿ. ಅನ್ನ ಚೆಲ್ಲಬಾರ್ದಲ್ರಿ, ಎಮ್ಮಿಗೆ ಹಾಕ್ದೆ."

ಬೈಯೋಣವೆಂದರೆ ಏನಂತ ಬೈಯಲಿ? ಅನ್ನ ಚೆಲ್ಲಬಾರದೆಂದು ಎಮ್ಮೆಗೆ ಹಾಕಿದ್ದಳು. ಅವ್ವ ಅವಳ ಜಾಗದಲ್ಲಿದ್ದಿದ್ದರೂ ಅದನ್ನೇ ಮಾಡುತ್ತಿದ್ದಳು. ನನ್ನ ಕಣ್ಣಿಂದ ನೀರು ಇಳಿದು ಇಸ್ತ್ರಿ ಮಾಡಿದ ಮಡಿಕೆಯ ಮೇಲೆ ಬಿತ್ತು. ಅವಳು ಗಾಬರಿಯಾದಳು.

"ಯಾಕ್ರಿ ಅಕ್ಕ, ಬಣ್ಣ ಬಿಡ್ತೇನ್ರಿ?"

"ಇಲ್ಲವ್ವ. ಚಂದ ಆಗೈತಿ," ಅಂದೆ.

ಹೊರಡುವಾಗ ಅವಳು ಹಿತ್ತಲಿಗೆ ಓಡಿಹೋಗಿ ಒಂದಿಷ್ಟು ಕರಿಬೇವು ಕಿತ್ತುಕೊಂಡು ಬಂದು ನನ್ನ ಚೀಲಕ್ಕೆ ಹಾಕಿದಳು. "ಕೊಸರು ಇರ್ಲಿ ತಗೊಳ್ರಿ," ಅಂದಳು. ಬೇಡ ಅನ್ನಲಾಗಲಿಲ್ಲ. ಬಸ್ಸಿನಲ್ಲಿ ಕೌದಿ ನನ್ನ ತೊಡೆಯ ಮೇಲಿತ್ತು. ನಮ್ಮ ಮನೆಯವರು ಮುಖ ಕಿಟಕಿಯ ಕಡೆ ಮಾಡಿಕೊಂಡೇ ಕೈ ಚಾಚಿ ಆ ಮಷೀನು ಹೊಲಿಗೆಯ ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ನೋಡುತ್ತಿದ್ದರು. ಕೊಟ್ಟೂರು ಬರುವವರೆಗೂ ನೋಡಿದರು.

ಆ ಸಾಲನ್ನು ಅವತ್ತೇ ಅಳಿಸಿದೆವು. ಈಗ ಶುಲ್ಕ ನಮ್ಮದೇ.

ಕೆಲವು ದಿನ ಬಿಟ್ಟು ನಮ್ಮ ಮನೆಯವರು ಹೆದರುತ್ತಲೇ ಬಾಯಿ ಬಿಟ್ಟರು. "ನೀನ ಒಂದು ರೊಟ್ಟಿ ಬಡದು ಹಾಕಿ ಹೊಲಿ. ಕೌದಿ ಹಸಿದಿರಬಾರ್ದಲ್ಲ," ಅಂದರು. ಎಷ್ಟೋ ದಿನ ಆಗಲಿಲ್ಲ. ಚಳಿ ಶುರುವಾದ ಮೇಲೆ ಒಂದು ಮಧ್ಯಾಹ್ನ ಕೂತೆ. ರೊಟ್ಟಿ ಬಡಿದು ಕಡಕ್ಕಾಗಿ ಒಣಗಿಸಿದೆ. ಎರಡು ಬೇವಿನೆಲೆ ತಂದೆ. ಮಷೀನಿನ ಹೊಲಿಗೆ ಬಿಚ್ಚಿ, ರೊಟ್ಟಿ ಮುರಿದು ಹಾಕಿ, ಅವ್ವನಂತೆಯೇ ಸಣ್ಣ ಸಣ್ಣ ಹೊಲಿಗೆ ಹಾಕಿ ಬಾಯಿ ಮುಚ್ಚಿದೆ. ಹೆಬ್ಬೆರಳಿಟ್ಟು ಮೂಲೆ ಒತ್ತಿದೆ.

ಚುರ್ ಅಂದಿತು. ಅದೇ ಸದ್ದು, ಏನೂ ವ್ಯತ್ಯಾಸವಿಲ್ಲ. ಪಕ್ಕದ ಕೋಣೆಯಲ್ಲಿ ಮಾತ್ರ ಯಾರೂ ಇರಲಿಲ್ಲ.

ಆಮೇಲೆ ನಾನು ಆ ಮೂಲೆಯನ್ನು ಮುಟ್ಟಿಲ್ಲ.